ಬೇರೆಯಾದ ತಾರೀಖು

ಅಡಿಲೇಡ್

ಶಶಾಂಕ್,

ನಮ್ಮಿಬ್ಬರ ರಿಟರ್ನ್ಸ್ ತಾಳೆಯಾಗುತ್ತಿಲ್ಲವೆಂದು ಟ್ಯಾಕ್ಸ್ ಆಫೀಸಿನಿಂದ ಪತ್ರ ಬಂದಿದೆ. ವರ್ಷದ ನಡುವೆ ನೀನು ಕೆಲಸಕ್ಕೆಂದು ಬ್ರಿಸ್ಬೇನಿಗೆ ಹೋದದ್ದರಿಂದ ಹೀಗಾಗಿರಬೇಕು ಅಂದುಕೊಂಡು ನಿನ್ನ ರಿಟರ್ನ್ಸ್ ತುಂಬಿಕೊಡುವ ಅಕೌಂಟೆಂಟ್ ರಮಾಕಾಂತ್ ಅಂಕಲ್‌ಗೆ ಫೋನ್ ಮಾಡಿದೆ.

"ಯಾವ ಸ್ಟೇಟ್‌ಗೆ ಹೋದ್ರೂ ಇಲ್ಲಿ ಇನ್‌ಕಮ್ ಟ್ಯಾಕ್ಸ್ ಒಂದೇ ಅಮ್ಮ. ಹೊರಟ ದಿನದಿಂದ್ಲೇ ನೀವಿಬ್ರೂ ಬೇರೆ ಅಂತ ಅವನು ಬರೆದಿದಾನೆ. ನಿಂಗೆ ಗೊತ್ತಿದೆ ಅಂದ್ಕೊಂಡಿದ್ದೆ," ಎಂದರು.

ನಾನೇ ತುಂಬಿದ ನನ್ನ ರಿಟರ್ನ್ಸಿನಲ್ಲಿ, ಸಂಗಾತಿಯ ವಿವರ ಕೇಳುವ ಕಡೆ, ವರ್ಷಪೂರ್ತಿ ಗಂಡನಿದ್ದಾನೆ ಎಂದು ಬರೆದಿದ್ದೆ. ಈಗ ನಿನ್ನ ತಾರೀಖನ್ನೇ ಹಾಕಿ ತಿದ್ದಲು ಹೇಳಿದ್ದೇನೆ, ಇನ್ನು ತಕರಾರು ಬರುವುದಿಲ್ಲ. ಡ್ರೈಕ್ಲೀನ್ ಮಾಡಿಸಿಟ್ಟಿದ್ದ ನಿನ್ನ ಕೋಟನ್ನು ಪಾರ್ಸೆಲ್ ಮಾಡುತ್ತೇನೆ.

ನಾನು ಬೇಕೆಂದು ತಪ್ಪು ಬರೆದದ್ದಲ್ಲ. ಏರ್‌ಪೋರ್ಟಿನಲ್ಲಿ ನೀನು "ಹೋಗ್ತೀನಿ" ಅನ್ನಲಿಲ್ಲ. "ಹೋಗ್ಬರ್ತೀನಿ" ಅಂದಿದ್ದೆ.

ಪ್ರಣತಿ