ಐದು ಗಂಟೆಯ ದೀಪ

ಫೆಬ್ರವರಿ 1, ಬುಧವಾರ

ಹಿಟ್ಟು ಸರಿಯಾಗಿ ಉಬ್ಬಲಿಲ್ಲ. ಹಳೆಯ ಈಸ್ಟ್. ಬೆಳಗಿನ ವ್ಯಾಪಾರಕ್ಕೆಂದು ಹಬೆಯಲ್ಲಿ ಬೇಯಿಸಿದ ಬಿಯಾಪೊಂಗ್ ಬನ್ನುಗಳಲ್ಲಿ ಹತ್ತು ಒಡೆದವು. ಒಡೆದವನ್ನೇ ಸಂಜೆ ಚರ್ಚಿನ ನಮ್ಮ ಗುಂಪಿನ ಆರಾಧನೆಗೆ ಒಯ್ದೆ. ದೇವರ ಹೆಸರಲ್ಲಿ ಎಲ್ಲ ನಡೆಯುತ್ತದೆ.

ಈ ವಾರ ಓಮ್ ವೆಲ್ಲಿ ಮನೆಯಲ್ಲಿ. ಊರಿಗೆಲ್ಲ ಚಿಕ್ಕಪ್ಪ, ಅದಕ್ಕೇ ಓಮ್. ನಮ್ಮ ಗುಂಪಿನ ಸಭಾಹಿರಿಯರು. ಮಂಡಿನೋವಂತೆ, ಈ ವರ್ಷ ಆ ಹುದ್ದೆ ಬಿಟ್ಟುಕೊಡುತ್ತಾರಂತೆ. ಪ್ರಾರ್ಥನೆ ಎಂದಿನಂತೆ ನನ್ನ ಪಾಲು. 'ಅಲೆಗಳ ಮೇಲೆ ನಡೆದವನೇ' ಎಂದಾಗ ಇಬ್ಬರು ಮೂಗು ಒರೆಸಿಕೊಂಡರು. ಅರ್ಧ ಕಣ್ಣು ತೆರೆದು ನೋಡಿದೆ. ಯಾವಾಗಲೂ ನೋಡುತ್ತೇನೆ. ಉಪದೇಶಿಯಾಗಿದ್ದ ಅಪ್ಪನಿಂದ ಕಲಿತದ್ದು — ದನಿ ಎಲ್ಲಿ ತಗ್ಗಿಸಬೇಕು, ಎಲ್ಲಿ ಸುಮ್ಮನಾಗಬೇಕು. ನನಗದು ನೀರು ಕುಡಿದಷ್ಟು ಸಲೀಸು.

ಯಾರೂ ಇಲ್ಲದಾಗ ಪ್ರಾರ್ಥಿಸಿದ್ದು ಯಾವಾಗ? ವಯಸ್ಸು ಐವತ್ತೆಂಟು. ಒಂದು ಸಲವೂ ನೆನಪಾಗುತ್ತಿಲ್ಲ... ಬರೆಯಬಾರದಿತ್ತು ಇದನ್ನು.

ಫೆಬ್ರವರಿ 3, ಶುಕ್ರವಾರ

ಮೇಸ್ಕೆ ಬಂದಿದ್ದಳು. ಪಕ್ಕದ ಮನೆ, ಅವಳ ಕಿಟಕಿಗೆ ನನ್ನ ಅಡುಗೆಮನೆಯೇ ಎದುರು. ಚಿಕ್ಕಮ್ಮ ಎನ್ನುವ ಹಾಗೆ ನನ್ನನ್ನು ಟಾಂಟೆ ಎನ್ನುತ್ತಾಳೆ. ಗಂಡ ಬೆರ್ತಿ ಹೋದ ಮೀನಿನ ದೋಣಿಯಿಂದ ನಾಲ್ಕು ದಿನವಾದರೂ ಸುದ್ದಿಯಿಲ್ಲ. ಹದಿಮೂರು ಜನ. ಬಂದರಿನವರು ಕಾಯಿರಿ ಅನ್ನುತ್ತಾರೆ. ಹೊರಗೆ ಗಾಳಿ ನಿಂತೇ ಇಲ್ಲ.

ಅಳಲಿಲ್ಲ ಅವಳು. ಅದಕ್ಕೇ ನನಗೆ ಹೆದರಿಕೆಯಾಯಿತು.

"ಟಾಂಟೆ, ನಿಮ್ಮ ಮಾತು ದೇವರು ಕೇಳ್ತಾನೆ. ದಿನಾ ಬೆಳಗ್ಗೆ ಐದಕ್ಕೆ ಬೆರ್ತಿಗೋಸ್ಕರ ಪ್ರಾರ್ಥನೆ ಮಾಡ್ತೀರಾ? ನೀವು ನಿಮ್ಮ ಮನೇಲಿ, ನಾನು ನಮ್ಮನೇಲಿ. ಒಂದೇ ಹೊತ್ತಿಗೆ."

"ಇದೂ ಒಂದು ಕೇಳೋ ಮಾತಾ, ಮಗಳೇ? ಅವನು ಬರೋ ತನಕ ಬಿಡಲ್ಲ ನಾನು."

ಕೈ ಹಿಡಿದುಕೊಂಡೇ ಅಂದೆ. ಎಲುಬಿಲ್ಲದ ನಾಲಿಗೆ.

ಫೆಬ್ರವರಿ 4

ಐದಕ್ಕೆ ಮೊದಲ ತಟ್ಟೆ ಹಬೆಗಿಟ್ಟೆ. ರೇಡಿಯೊ ಹಚ್ಚಿದೆ. ನೆನಪಾದಾಗ ಏಳು ಗಂಟೆ.

ಫೆಬ್ರವರಿ 6

ಇವತ್ತು ನೆನಪಿತ್ತು. ಹಿಟ್ಟಿನ ಕೈಯಲ್ಲೇ ನಿಂತು ಶುರು ಮಾಡಿದೆ. 'ಪರಮ ತಂದೆಯೇ, ಬಿರುಗಾಳಿಯ ಬಾಯಿಗೆ ಬೀಗ ಹಾಕುವವನೇ...' ಚೆನ್ನಾಗಿದೆ ಅನ್ನಿಸಿತು. ಬುಧವಾರಕ್ಕೆ ಇರಲಿ ಎಂದು ಎತ್ತಿಟ್ಟುಕೊಂಡೆ. ಅಷ್ಟರಲ್ಲಿ ಮಾಂಸದ ಹೂರಣ ತಳ ಹಿಡಿಯಿತು. ಮುಗಿಯಿತು ಪ್ರಾರ್ಥನೆ. ಬೆರ್ತಿಯ ಹೆಸರು ಬಾಯಿಗೆ ಬರಲೇ ಇಲ್ಲ.

ಫೆಬ್ರವರಿ 8, ಬುಧವಾರ

ಎತ್ತಿಟ್ಟ ಮಾತನ್ನು ಬಳಸಿದೆ. ಮನೆಯೇ ಅತ್ತಿತು. ಹಿಂದಿನಿಂದ ಯಾರೋ — "ಟಾಂಟೆ ಡೇಚೆ ಬಾಯಿ ತೆರೆದ್ರೆ ಆಕಾಶಾನೇ ತೆರೀತದೆ."

ಹೊರಡುವಾಗ ಮೇಸ್ಕೆ ಬಾಗಿಲಲ್ಲಿ ನಿಲ್ಲಿಸಿದಳು. ಕೆನ್ನೆ ಒಳಕ್ಕೆ ಹೋಗಿದೆ. "ಐದು ಗಂಟೆ ತಪ್ಪಿಲ್ಲ ಅಲ್ವಾ, ಟಾಂಟೆ?"

"ತಪ್ಪಿಲ್ಲ."

ಸುಳ್ಳು. ಮುಖ ನೋಡಿಕೊಂಡೇ ಹೇಳಿದ ಸುಳ್ಳು.

ಫೆಬ್ರವರಿ 12, ಭಾನುವಾರ, ಮಧ್ಯಾಹ್ನ

ದೋಣಿ ಸಿಕ್ಕಿತು. ಎಂಜಿನ್ ಕೆಟ್ಟು ಎಲ್ಲೋ ಉತ್ತರಕ್ಕೆ ತೇಲಿಹೋಗಿತ್ತಂತೆ. ಇನ್ನೊಂದು ದೋಣಿಯವರು ಬಿತುಂಗ್ ಬಂದರಿಗೆ ಎಳೆದು ತಂದರು. ಹದಿಮೂರೂ ಜನ ಬದುಕಿದ್ದಾರೆ. ಚರ್ಚಿನ ಗಂಟೆ ಬಾರಿಸಿದರು. ನಾನೂ ಬೀದಿಗೆ ಓಡಿ ಅತ್ತುಬಿಟ್ಟೆ. ನಿಜವಾದ ಅಳುವೇ. ಆದರೆ ಒಳಗೊಂದು ದನಿ — ಬಚಾವಾದೆ ಡೇಚೆ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಫೆಬ್ರವರಿ 15, ಬುಧವಾರ

ಮೇಸ್ಕೆ ಮನೆಯಲ್ಲಿ ಸ್ತೋತ್ರದ ಕೂಟ. ಖಾರದ ಹಂದಿಮಾಂಸ, ಹೊಗೆ ಹಾಕಿದ ಚಕಲಾಂಗ್ ಮೀನು. ಮೇಸ್ಕೆ ಸಾಕ್ಷಿ ಹೇಳಲು ಎದ್ದಳು.

"ಒಂಬತ್ತು ಬೆಳಗ್ಗೆ. ಒಂದು ದಿನಾನೂ ತಪ್ಪದೆ ಟಾಂಟೆ ಎದ್ದು ಬೆರ್ತಿಗಾಗಿ ಬೇಡಿದ್ರು. ಅದಕ್ಕೆ ನಾನೇ ಸಾಕ್ಷಿ."

ಎಲ್ಲರೂ ನನ್ನ ಕಡೆ ತಿರುಗಿದರು. ತಲೆ ತಗ್ಗಿಸಿದೆ. ಅದನ್ನೂ ವಿನಯ ಎಂದುಕೊಂಡರು.

ಬೆರ್ತಿ ಬಂದು ನನ್ನ ಕೈಯನ್ನು ಹಣೆಗೆ ಒತ್ತಿಕೊಂಡ. ತುಟಿ ಇನ್ನೂ ಸೀಳಿಕೊಂಡೇ ಇದೆ. ಎಲ್ಲಕ್ಕಿಂತ ದೊಡ್ಡ ಮೀನು ನನಗೆ ಕೊಟ್ಟ. "ನೀರು ಮುಗಿದ ದಿನ, ಟಾಂಟೆ, ಯಾರೋ ನನ್ನ ಹೆಸರು ಹಿಡಿದು ಕರೆದ ಹಾಗಾಯ್ತು. ಬೆಳಗಿನ ಜಾವ. ಅದು ನೀವೇ ಅಂತ ಮೇಸ್ಕೆ ಅಂತಾಳೆ."

ಯಾರು ಕರೆದರೋ. ನಾನಂತೂ ಅಲ್ಲ.

ಮೀನು ಅಡುಗೆಮನೆಯಲ್ಲಿ ತೂಗುತ್ತಿದೆ. ಮುಟ್ಟಲಾಗುತ್ತಿಲ್ಲ.

ಫೆಬ್ರವರಿ 19, ಭಾನುವಾರ

ಆರಾಧನೆ ಮುಗಿದ ಮೇಲೆ ಓಮ್ ವೆಲ್ಲಿ ಹಿಡಿದರು. "ಹಿರಿಯರ ಚುನಾವಣೆ ಹೆಸರಿಗಷ್ಟೇ, ಡೇಚೆ. ಬೆರ್ತಿ ವಿಷಯ ಆದ್ಮೇಲೆ ಎಲ್ಲರ ಕೈಯೂ ನಿನಗೇ."

"ಯೋಚ್ನೆ ಮಾಡ್ತೀನಿ, ಓಮ್."

"ನೀನು ಯೋಚ್ನೆ ಮಾಡೋದಾ? ಪ್ರಾರ್ಥನೆ ಮಾಡ್ತೀನಿ ಅನ್ನು," ನಕ್ಕರು.

ಅನ್ನಲಾಗಲಿಲ್ಲ. ಸಾವಿರ ಸಲ ಅಂದ ಮಾತು ಅದು. ಹಿರಿಯಳಾದರೆ ರೋಗಿಗಳ ತಲೆಯ ಮೇಲೆ ಕೈಯಿಡಬೇಕು, ಸಾಯುವವರ ಪಕ್ಕ ಕೂರಬೇಕು. ಪರಿಚಯವೇ ಇಲ್ಲದವನ ಹೆಸರು ಹೇಳಿಕೊಂಡು ಎಷ್ಟು ಮನೆ ಹೊಕ್ಕೆ ನಾನು. ಅಸಹ್ಯವಾಗುತ್ತಿದೆ.

ಫೆಬ್ರವರಿ 23

ಬೆಕ್ಕು ಮೀನು ಕದ್ದಿತು. ಓಡಿಸಲಿಲ್ಲ. ನನ್ನದಾಗಿದ್ದರೆ ತಾನೆ ಓಡಿಸುವುದು.

ಫೆಬ್ರವರಿ 25, ಶನಿವಾರ, ಸಂಜೆ

ಹೇಳಿಬಿಟ್ಟೆ.

ಹಿಂಬಾಗಿಲಿಂದ ಹೋದೆ. ಮೇಸ್ಕೆ ಈರುಳ್ಳಿ ಹೆಚ್ಚುತ್ತಿದ್ದಳು. ಕೂರಲಿಲ್ಲ ನಾನು, ಕೂತರೆ ಮಾತು ತಿರುಗಿಬಿಡುತ್ತದೆ.

"ಮೇಸ್ಕೆ, ಆ ಒಂಬತ್ತು ದಿನ ನಾನು ಪ್ರಾರ್ಥನೆ ಮಾಡ್ಲಿಲ್ಲ. ಒಂದು ದಿನಾನೂ."

ಚಾಕು ನಿಂತಿತು. "ದೀಪ ಉರೀತಿತ್ತಲ್ಲ, ಟಾಂಟೆ. ಐದಕ್ಕೆ. ದಿನಾ."

"ಬಿಯಾಪೊಂಗ್ ಬೇಯಿಸ್ತಿದ್ದೆ."

ಮುಖ ಕೆಂಪಾಯಿತು ಅವಳಿಗೆ. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಒಳಕೋಣೆಯಲ್ಲಿ ಬೆರ್ತಿಯ ಗೊರಕೆ. ಚಾಕು ಕೆಳಗಿಟ್ಟು ಅಂದಳು —

"ನಾನೂ ಮಾಡ್ಲಿಲ್ಲ. ಐದಕ್ಕೆ ಎದ್ದು ಕಿಟಕಿ ಹತ್ರ ಕೂರ್ತಿದ್ದೆ. ಒಂದು ಮಾತೂ ಬರ್ತಿರ್ಲಿಲ್ಲ. ನಿಮ್ಮ ದೀಪ ಕಾಣ್ತಿತ್ತು. ಟಾಂಟೆ ಹೇಳ್ತಿದ್ದಾರಲ್ಲ, ಸಾಕು ಅಂತ ಸುಮ್ನಾಗ್ತಿದ್ದೆ."

ಇಬ್ಬರೂ ಗೊರಕೆ ಕೇಳುತ್ತ ನಿಂತೆವು.

"ಹಾಗಾದ್ರೆ ಅವನಿಗೋಸ್ಕರ ಕೇಳಿದ್ದು ಯಾರು, ಟಾಂಟೆ?"

ನೆಲಕ್ಕೆ ಬಿದ್ದಿದ್ದ ಈರುಳ್ಳಿ ಸಿಪ್ಪೆ ಹೆಕ್ಕಿದೆ.

"ಹೋಗಿ," ಎಂದಳು. "ಇವತ್ತು ನಿಮ್ಮ ಮುಖ ನೋಡೋಕಾಗಲ್ಲ ನಂಗೆ."

ಫೆಬ್ರವರಿ 26, ಭಾನುವಾರ

ಓಮ್ ವೆಲ್ಲಿಗೆ ಬೇಡ ಎಂದೆ. "ನಿಂಗೂ ಮಂಡಿನೋವಾ?" ಎಂದು ಕೇಳಿದರು. "ಹೂಂ ಓಮ್, ಬಗ್ಗಿಸೇ ಅಭ್ಯಾಸ ಇಲ್ಲ," ಎಂದೆ. ತಮಾಷೆ ಎಂದುಕೊಂಡು ನಕ್ಕರು. ನಿಜವನ್ನೂ ಹೇಳಿದೆ ಆಮೇಲೆ, ಪೂರ್ತಿ. ನಗು ನಿಂತಿತು.

ಮೇಸ್ಕೆ ಚರ್ಚಿನಲ್ಲಿ ಮೂರು ಸಾಲು ಹಿಂದೆ ಕೂತಿದ್ದಳು. ಆರಾಧನೆ ಮುಗಿದದ್ದೇ ಪಕ್ಕದ ಬಾಗಿಲಿಂದ ಹೊರಟುಹೋದಳು.

ಫೆಬ್ರವರಿ 27, ಸೋಮವಾರ, ಬೆಳಗ್ಗೆ 5

ಇವತ್ತು ಹಿಟ್ಟು ಕಲಸಿಲ್ಲ. ದೀಪ ಮಾತ್ರ ಹಚ್ಚಿದೆ.

ಮಂಡಿಯೂರಿದೆ. 'ಪರಮ ತಂದೆಯೇ, ಅಲೆಗಳ ಮೇಲೆ' — ತಾನಾಗಿಯೇ ಹೊರಟಿತು. ತಡೆದೆ. ಅದು ಬಿಟ್ಟರೆ ಬೇರೆ ಮಾತೇ ಇಲ್ಲ ನನ್ನಲ್ಲಿ. ಕಣ್ಣು ಪೂರ್ತಿ ಮುಚ್ಚಿದೆ, ನೋಡುವುದಕ್ಕೆ ಯಾರೂ ಇರಲಿಲ್ಲ. ಆದರೂ ಯಾರೋ ಇದ್ದ ಹಾಗೆ... ಹೆದರಿ ಎದ್ದು ಬಂದು ಇಲ್ಲಿ ಬರೆಯುತ್ತಿದ್ದೇನೆ.

ಎದುರು ಕಿಟಕಿಯಲ್ಲೂ ದೀಪ ಹತ್ತಿತು. ಮೇಸ್ಕೆ ಎದ್ದಿದ್ದಾಳೆ. ನನ್ನನ್ನು ನಂಬಿ ಕೂರಬೇಡ ಮಗಳೇ.

ಬಾಯಲ್ಲಿ ಬರುವುದಿಲ್ಲ. ಬರೆದೇ ಹೇಳುತ್ತೇನೆ.

ಕರ್ತನೇ, ನಾನು ಡೇಚೆ. ನೀನು ಬೆರ್ತಿಯ ಹೆಸರು ಹಿಡಿದು ಕರೆದೆ. ನನ್ನ ಹೆಸರು ನಿನಗೆ ಗೊತ್ತಿದೆಯೇ?