ಬೂದಿಯಲ್ಲಿಟ್ಟ ಬದನೆ ಬೀಜ

ಅಕ್ಕಲಕೋಟೆ ಹತ್ತಿರದ ಮಡ್ಡಿ,
ತಾ. ೯ ನವೆಂಬರ್ ೧೯೪೮

ಮನೆಯ ಯಜಮಾನರಿಗೆ ಸಾಬವ್ವನ ನಮಸ್ಕಾರಗಳು.

ಕವರಿನ ಮೇಲೆ ನಿಮ್ಮ ಹೆಸರು ಬರೆಯಲೇಬೇಕಾಯಿತು. ಮದುವೆಯಾದಂದಿನಿಂದ ಬಾಯಿಂದ ಒಮ್ಮೆಯೂ ಹೇಳದ ಹೆಸರನ್ನು 'ಬಸವಂತರಾಯ, ನರೋಣಾ, ತಾಲೂಕು ಆಳಂದ' ಎಂದು ಕೈಯಿಂದ ಬರೆದು, ಮಸಿ ಆರುವವರೆಗೂ ಅದನ್ನೇ ನೋಡುತ್ತ ಕುಳಿತಿದ್ದೆ. ಅತ್ತೆ ಅದನ್ನು ಕಂಡು, "ಬರದ್ರ ಗಂಡನ ಆಯುಷ್ಯ ಕಡಿಮಿ ಆಗಂಗಿಲ್ಲ ಬೇ, ಸುಮ್ಮ ಬರಿ" ಎಂದರು. ನಮ್ಮಪ್ಪ ಹಟ ಹಿಡಿದು ಕಲಿಸಿದ ನಾಲ್ಕು ಅಕ್ಷರ ಇಷ್ಟಕ್ಕಾದರೂ ಉಪಯೋಗಕ್ಕೆ ಬಂದವು.

ನಿಮ್ಮ ಪತ್ರ ದೀಪಾವಳಿ ಪಾಡ್ಯದ ಮಾರನೆಯ ದಿನ ಸಿಕ್ಕಿತು. ಊರಿನ ಗದ್ದಲ ತಣ್ಣಗಾಗಿದೆ, ಗಡಿಯಲ್ಲಿ ಸುಂಕ ವಸೂಲಿ ಮಾಡುವ ಕರೋಡಗಿರಿ ನಾಕೆಯಲ್ಲಿ ಈಗ ಯಾರೂ ಗಂಟು ಬಿಚ್ಚಿಸುವುದಿಲ್ಲ, ಬಂಡಿ ಕಳಿಸುತ್ತೇನೆ, ಇಬ್ಬರೂ ಹೊರಟು ಬನ್ನಿ ಎಂದು ಬರೆದಿದ್ದೀರಿ. ಅಲ್ಲಿಯವರೆಗೆ ಓದಿ ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಅದರ ಕೆಳಗೇ ಇನ್ನೊಂದು ಸಾಲು: ಮನೆ ಸುಟ್ಟ ಸಂಗತಿ ಅವ್ವನಿಗೆ ನೀನೇ ಮೆಲ್ಲಗೆ ತಿಳಿಸಿ ಕರೆದುಕೊಂಡು ಬಾ. ಮೆಲ್ಲಗೆ ಎಂದು ಬರೆಯುವುದು ಸುಲಭ. ಹೇಗೆ ಎಂದು ನೀವು ಬರೆದಿಲ್ಲ.

ಅದನ್ನು ಹೇಳಲು ನನ್ನಿಂದ ಏಕೆ ಆಗುತ್ತಿಲ್ಲ ಎಂಬುದು ನಿಮಗೆ ತಿಳಿಯಬೇಕಾದರೆ ಇಲ್ಲಿ ನಾನು ಮಾಡಿದ ಕಾಯಿಪಲ್ಲೆಯ ತೋಟದ ಕಥೆಯನ್ನೇ ಹೇಳಬೇಕು. ತೋಟ ಎಂದರೆ ನಗಬೇಡಿ. ತುಳಜಾಬಾಯಿಯವರ ದನದ ಕೊಟ್ಟಿಗೆಯ ಹಿಂದೆ, ನಮ್ಮ ಗುಡಿಸಲಿಗೆ ತಾಗಿ, ನಾಲ್ಕು ಹಾಸಿಗೆ ಹಾಸುವಷ್ಟು ನೆಲ. ಅದನ್ನು ಕೊಟ್ಟವರು ಅವರೇ. ಮರಾಠಿ ಬೆರೆಸಿ ಕನ್ನಡ ಆಡುತ್ತಾರೆ, ಎಲ್ಲರನ್ನೂ ಗದರಿಸುತ್ತಾರೆ, ಸಂಜೆ ಆದರೆ ಗದರಿಸಿಕೊಂಡವರ ಗುಡಿಸಲಿಗೆ ಒಂದು ಚರಿಗೆ ಮಜ್ಜಿಗೆ ಕಳಿಸುತ್ತಾರೆ.

ಯುಗಾದಿಯ ಮುಂಚೆ ದಂಗೆಗೆ ಹೆದರಿ ನಾವಿಬ್ಬರೂ ಊರು ಬಿಟ್ಟೆವಲ್ಲ, ಬಂದ ಮೇಲೆ ಅತ್ತೆ ತಮ್ಮ ಗಂಟುಗಳನ್ನು ಬಿಚ್ಚಲೇ ಇಲ್ಲ. ಉಟ್ಟ ಸೀರೆ, ಹೊದೆಯುವ ಕೌದಿ, ಇಷ್ಟು ಹೊರಗೆ. ಉಳಿದದ್ದೆಲ್ಲ ಬಾಗಿಲ ಹತ್ತಿರ, ಈಗಲೇ ಬಂಡಿ ಬರುತ್ತದೆ ಎಂಬಂತೆ. ಇಲ್ಲಿ ಎಲ್ಲವೂ ಬೇರೆ. ನಮ್ಮ ಕಡೆಯ ಸರಕಾರದ ಹಾಲಿ ಸಿಕ್ಕಾ ರೂಪಾಯಿ ನಡೆಯುವುದಿಲ್ಲ, ಟಪಾಲಿನ ಚೀಟಿ ಬೇರೆ, ಬಾವಿಯ ಹತ್ತಿರ ಆಡುವ ಮಾತು ಬೇರೆ. ಎರಡು ದಿನದ ಬಂಡಿಯ ದಾರಿಯಲ್ಲಿ ಒಂದು ದೇಶ ಮುಗಿದು ಇನ್ನೊಂದು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಕೈಗೆ ಕೆಲಸವಿಲ್ಲದೆ ತಲೆ ಕೆಡುವಂತಾದಾಗ ನಾನು ಸಂತೆಯಿಂದ ಒಂದು ಹಿಡಿ ಮೆಂತ್ಯ, ಒಂದು ಹಿಡಿ ಕೊತ್ತಂಬರಿ ತಂದು, ತುಳಜಾಬಾಯಿಯವರನ್ನು ಕೇಳಿ ಆ ನೆಲ ಅಗೆದೆ.

ಅತ್ತೆ ಗುಡಿಸಲ ಬಾಗಿಲಲ್ಲಿ ನಿಂತು ನೋಡಿದರು. "ಏನು ಮಾಡಾಕತ್ತಿ?" ಎಂದರು. ಪಲ್ಲೆ ಹಾಕುತ್ತೇನೆ ಎಂದೆ. "ನಾಲ್ಕ ದಿನಾ ಇರೋರು ನಾವು. ಬೀಜಾ ಹಾಕಿದಾಕಿ ಅದು ಬೆಳಿಯೋತನಾ ಕೂಡಬೇಕಾಗ್ತದ. ನಿನಗ ಊರಿಗೆ ಹೋಗೋ ಮನಸಿಲ್ಲೇನು?" ಎಂದು ಕೇಳಿ, ನನ್ನ ಉತ್ತರಕ್ಕೂ ಕಾಯದೆ ಒಳಗೆ ಹೋದರು. ನನಗೂ ಸಿಟ್ಟು ಬಂತು. ನಮ್ಮೂರ ಹಿತ್ತಲಲ್ಲಿ ಅವರು ನನಗೆ ಒಂದು ಮೆಣಸಿನ ಗಿಡ ನೆಡಲೂ ಬಿಟ್ಟವರಲ್ಲ, ಇದು ನಿಮಗೂ ಗೊತ್ತು. ಅಡುಗೆಮನೆ ನನ್ನದು, ಹೊಲದ ಕಳೆ ನನ್ನದು, ಹಿತ್ತಲು ಮಾತ್ರ ಅವರದು. ಮೂವತ್ತು ದಾಟಿದ ಮೇಲೆ ನನ್ನದು ಎಂದು ನಾನು ಅಗೆದ ಮೊದಲ ನೆಲ ಇದು. ಅದಕ್ಕೇ ಇನ್ನಷ್ಟು ಜೋರಾಗಿ ಅಗೆದೆ.

ಮೆಂತ್ಯ ಹುಟ್ಟಿತು, ಎರಡೆಲೆ ಬಿಟ್ಟಿತು, ಹಾಗೇ ಒಣಗಿ ಮಲಗಿತು. ನಾನು ನಮ್ಮ ಎರೆಮಣ್ಣಿನ ಲೆಕ್ಕದಲ್ಲಿ ಒಮ್ಮೆ ನೀರು ಹಾಕಿ, ನೆಲ ಅದನ್ನು ಹಿಡಿದಿಟ್ಟುಕೊಳ್ಳುತ್ತದೆಂದು ನಿಶ್ಚಿಂತಳಾಗಿದ್ದೆ. ಈ ಮಡ್ಡಿಯ ಮಣ್ಣು ಬೆಳಿಗ್ಗೆ ಕುಡಿದದ್ದನ್ನು ಮಧ್ಯಾಹ್ನಕ್ಕೆ ಮರೆಯುತ್ತದೆ. ತುಳಜಾಬಾಯಿ ಬಂದು ನೋಡಿ, "ಅಗಬಾಯಿ, ಇದಕ್ಕ ರೋಜ ನೀರ ಬೇಕು, ಶೇಣ ಹಾಕಬೇಕು" ಎಂದು ಗದರಿಸಿ, ತಮ್ಮ ತಿಪ್ಪೆಯಿಂದ ಸೆಗಣಿ ಗೊಬ್ಬರ ತುಂಬಿಕೊಳ್ಳಲು ಹೇಳಿದರು. ಅತ್ತೆಗೆ ಇದೆಲ್ಲ ಕೇಳಿಸಿತು. ಗುಡಿಸಲ ಒಳಗಿಂದ ಒಮ್ಮೆ ಕೆಮ್ಮಿದರು. ಒಂದು ಕೆಮ್ಮಿನಲ್ಲಿ ಅವರು ಎಷ್ಟೆಲ್ಲ ಅನ್ನಬಲ್ಲರೆಂದು ನಿಮಗೆ ಬೇರೆ ಹೇಳಬೇಕಿಲ್ಲ.

ಅತ್ತೆಯ ಹತ್ತಿರ ಬದನೆ ಬೀಜ ಇರುವುದು ನನಗೆ ಗೊತ್ತಿತ್ತು. ಊರು ಬಿಡುವ ಸಂಜೆ ನಾನು ಪಾತ್ರೆ ಕಟ್ಟುತ್ತಿದ್ದಾಗ ಅವರು ಹಿತ್ತಲಿಗೆ ಹೋಗಿ ತುಂಬಾ ಹೊತ್ತು ಇದ್ದು, ಕೈಯೆಲ್ಲ ಮಣ್ಣು ಮಾಡಿಕೊಂಡು ಬಂದಿದ್ದರು. ಗಿಡಗಳನ್ನು ಮಾತಾಡಿಸಲು ಹೋಗಿರಬೇಕೆಂದುಕೊಂಡು ನಾನು ಕೇಳಲಿಲ್ಲ. ಬೂದಿಯಲ್ಲಿ ಕಲಸಿದ ಬೀಜದ ಪುಟ್ಟ ಗಂಟನ್ನು ದಾರಿಯುದ್ದಕ್ಕೂ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ನಾಕೆಯಲ್ಲಿ ತಡೆದು ಕೇಳಿದವನಿಗೆ, "ಬೂದಿ ಅದಪಾ, ಹಚ್ಚಿಕೋತೀಯೇನು?" ಎಂದು ತೋರಿಸಿದ್ದರು. ಆ ಬೀಜ ಸ್ವಲ್ಪ ಕೊಡಿ, ಒಂದು ಮಳೆಗಾಲ ಹಾಕದೆ ಇಟ್ಟರೆ ಕೆಡುತ್ತದೆ ಎಂದು ನಾನು ಇಲ್ಲಿ ಒಮ್ಮೆ ಕೇಳಿದ್ದಕ್ಕೆ, "ಇದು ನರೋಣಾದ ಮಣ್ಣಿಗೆ" ಎಂದು ಸೊಂಟ ಮುಟ್ಟಿಕೊಂಡರು.

ಆರಿದ್ರಾ ಮಳೆಯ ಹೊತ್ತಿಗೆ ನೀವು ನಮ್ಮ ಆಳು ಪೀರಪ್ಪನನ್ನು ಕಳಿಸಿದಿರಿ. ಬಂಡಿ ಹೊಡೆದುಕೊಂಡು ಬಂದವನು ನನ್ನನ್ನು ಬಾವಿಯ ಹತ್ತಿರ ಕರೆದು, ರುಮಾಲು ಕೈಯಲ್ಲಿ ಹಿಡಿದು ಹೇಳಿದ. ದಂಗೆಕೋರರು ಮನೆಗೆ ಬೆಂಕಿ ಇಟ್ಟರು, ತೊಲೆ ಬಿದ್ದು ಹಿತ್ತಲ ಗೋಡೆಯೂ ಕುಸಿದಿದೆ, ನೀವು ನೆರೆಮನೆಯ ಹಜರಾಬಿಯವರ ಪಡಸಾಲೆಯಲ್ಲಿ ಮಲಗುತ್ತಿದ್ದೀರಿ, ಆಕಳನ್ನೂ ಅವರೇ ಕಟ್ಟಿಕೊಂಡಿದ್ದಾರೆ. ಕೊಡ ಬಾವಿಯ ಕಟ್ಟೆಯ ಮೇಲೆ ಇಟ್ಟೆನೋ ಕೆಳಗೆ ಇಟ್ಟೆನೋ ನೆನಪಿಲ್ಲ. ನೀವು ಬದುಕಿದ್ದೀರಲ್ಲ, ನನಗೆ ಮೊದಲು ಬೇಕಾದದ್ದು ಅದು. ಆಮೇಲೆ ಅತ್ತೆಯ ನೆನಪಾಯಿತು. ಹನ್ನೆರಡು ವರ್ಷದವರಾಗಿದ್ದಾಗ ಸೊಸೆಯಾಗಿ ಆ ಮನೆಗೆ ಬಂದವರು ಅವರು. ಇಲ್ಲಿ ಉಣ್ಣುವ ಪ್ರತಿ ತುತ್ತಿಗೂ ಆ ಮನೆಯನ್ನೇ ನೆಂಚಿಕೊಳ್ಳುತ್ತಿದ್ದರು. ನಾನು ಪೀರಪ್ಪನಿಗೆ ಕೈಮುಗಿದು, ಅವರ ಮುಂದೆ ಇದನ್ನು ಅನ್ನಬೇಡ ಎಂದು ಬೇಡಿಕೊಂಡೆ.

ಪಾಪ, ಅವನು ಚೆನ್ನಾಗಿಯೇ ಸುಳ್ಳು ಹೇಳಿದ. ಅತ್ತೆ ಅವನಿಗೆ ರೊಟ್ಟಿ ಬಡಿಸುತ್ತ ಎಲ್ಲ ವಿಚಾರಿಸಿದರು.

"ಮನಿ ಹೆಂಗದ ಪೀರಪ್ಪ?"

"ಛಲೋ ಅದರಿ ಯವ್ವಾ. ಸಾಹುಕಾರ್ರು ದಿನಾ ಕಸಾ ಹೊಡಸ್ತಾರ್ರಿ."

"ಹಿತ್ತಲದಾಗ ಬದನಿ ಗಿಡಾ?"

"ಭರ್ತಿ ಕಾಯಿ ಬಿಟ್ಟಾವರಿ. ಬರೋ ಮುಂದ ಅಲ್ಲೇ ನಿಂತು ನೋಡಿ ಬಂದೇನಿ."

"ಛಲೋ ಆತು" ಎಂದರು ಅತ್ತೆ. ಅವನು ಸಾಕು ಎಂದರೂ ಬಿಡದೆ ಇನ್ನೊಂದು ರೊಟ್ಟಿ ಹಾಕಿದರು. ಒಲೆಯ ಮರೆಯಲ್ಲಿ ನಿಂತಿದ್ದ ನಾನು ದೇವರಿಗೆ ಕೈಮುಗಿದೆ.

ಮರುದಿನ ಬೆಳಿಗ್ಗೆ ಏನಾಯಿತು ಎಂದರೆ ನೀವು ನಂಬುವುದಿಲ್ಲ. ನಾನು ನೀರು ತಂದು ನೋಡುತ್ತೇನೆ, ಅತ್ತೆ ನನ್ನ ಪಲ್ಲೆಯ ಮಡಿಯಲ್ಲಿ ಕುಳಿತು ಬೂದಿಯ ಗಂಟು ಬಿಚ್ಚುತ್ತಿದ್ದಾರೆ. "ಹಿಂಗ ಗುಂಡಿ ತೋಡಿದ್ರ ಸಸಿ ಉಸಿರು ಕಟ್ಟಿ ಸಾಯ್ತದ. ಸರಿ ಆಚೆ" ಎಂದು, ನಾನು ಕೊಡ ಇಳಿಸಿ ಎತ್ತಿಕೊಂಡ ಅಗೆಯುವ ಕುರುಪಿಯನ್ನು ಕಸಿದುಕೊಂಡರು. ಊರಿನ ಒಳ್ಳೆಯ ಸುದ್ದಿ ಕೇಳಿ ಮನಸ್ಸು ಹಗುರಾಯಿತು, ಅದಕ್ಕೇ ಇಲ್ಲಿ ಬಗ್ಗಿದರು ಎಂದು ನಾನು ತಿಳಿದೆ. ನನ್ನ ಸುಳ್ಳಿಗೆ ಇಷ್ಟು ಬೇಗ ಫಲ ಬಂದದ್ದು ಕಂಡು ಹಿಗ್ಗೂ ಆಯಿತು, ನಾಚಿಕೆಯೂ ಆಯಿತು. ಅಂದಿನಿಂದ ಇಂದಿನವರೆಗೆ ನರೋಣಾದ ಹಿತ್ತಲ ಬಗ್ಗೆ ಒಂದೇ ಒಂದು ಮಾತು ಅವರು ಕೇಳಿಲ್ಲ. ಬಾಗಿಲ ಹತ್ತಿರದ ಗಂಟುಗಳನ್ನೂ ಬಿಚ್ಚಿ, ಪಾತ್ರೆಗಳನ್ನು ಗೋಡೆಗೆ ಜೋಡಿಸಿದರು.

ಆಮೇಲೆ ತೋಟ ನನ್ನದಾಗಿ ಉಳಿಯಲಿಲ್ಲ. ನೀರು ಹೊರುವುದು ನಾನು, ಬೈಯುವುದು ಅವರು. ಸಸಿ ಕಿತ್ತು ನೆಟ್ಟ ದಿನ ತುಳಜಾಬಾಯಿಯೂ ಸೊಂಟಕ್ಕೆ ಸೆರಗು ಸಿಕ್ಕಿಸಿ ಇಳಿದರು. ಇಬ್ಬರು ಮುದುಕಿಯರು ಎರಡು ಭಾಷೆಯಲ್ಲಿ ಜಗಳವಾಡುತ್ತ ಸಾಲು ಮುಗಿಸಿದರು. ದಸರೆಯ ನಂತರ ಮೊದಲ ಕಾಯಿ ಬಂತು. ನಮ್ಮ ಮುಳ್ಳುಬದನೆಯೇ, ಅದೇ ಬಣ್ಣ, ಮೈ ಮಾತ್ರ ಸ್ವಲ್ಪ ಸಣ್ಣ. ಶೇಂಗಾ, ಎಳ್ಳು ಹುರಿದು ಕುಟ್ಟಿ ತುಂಬಿ ಪಲ್ಯ ಮಾಡಿದೆ. ಅತ್ತೆ ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದರು. "ಉಪ್ಪು ಕಡಿಮಿ ಆಗೇದ" ಎಂದರು, ಕಣ್ಣು ಒರೆಸಿಕೊಂಡರು. ಉಪ್ಪು ಸರಿಯಾಗಿತ್ತು.

ದೀಪಾವಳಿಯ ಪಾಡ್ಯದ ಬೆಳಿಗ್ಗೆ ಎರಡು ಒಳ್ಳೆಯ ಕಾಯಿಗಳ ತೊಟ್ಟಿಗೆ ಕೆಂಪು ಅರಿವೆಯ ಚೂರು ಕಟ್ಟಿತ್ತು. ಬೀಜಕ್ಕೆ ಬಿಟ್ಟ ಕಾಯಿಯನ್ನು ಯಾರೂ ಕೀಳಬಾರದೆಂದು ಊರಲ್ಲಿ ಅವರು ಕಟ್ಟುತ್ತಿದ್ದರಲ್ಲ, ಹಾಗೆ. ಅಲ್ಲಿ ಯಾವಾಗಲೂ ಒಂದೇ ಕಾಯಿಗೆ ಕಟ್ಟುತ್ತಿದ್ದರು. ಇಲ್ಲಿ ಎರಡು ಏಕೆ ಎಂದು ಕೇಳಿದೆ. "ನಿನಗ ಯಾಕ ಬೇಕು, ನೀರು ಹಾಕು" ಎಂದರು. ಆ ಅರಿವೆ ಅವರ ಮದುವೆಯ ಸೀರೆಯ ಅಂಚು. ಮರುದಿನವೇ ನಿಮ್ಮ ಪತ್ರ ಬಂತು.

ಈಗ ನೀವೇ ಹೇಳಿ, ಇದನ್ನು ನಾನು ಹೇಗೆ ಹೇಳಲಿ. ಅವರ ಈ ನಗು, ಈ ಬೈಗಳು, ಎಲ್ಲವೂ ಪೀರಪ್ಪನ ಒಂದು ಸುಳ್ಳಿನ ಮೇಲೆ ನಿಂತಿವೆ. ಅದನ್ನು ಎಳೆದರೆ ಅವರು ಮತ್ತೆ ಎದ್ದಾರೋ ಇಲ್ಲವೋ ಎಂದು ನನಗೆ ಭಯ. ಬಂಡಿ ಹತ್ತಿಸಿ ಏನೂ ಹೇಳದೆ ಕರೆತಂದರೆ, ಬೂದಿಯ ಮುಂದೆ ಅವರನ್ನು ಇಳಿಸಿದ ಪಾಪ ನನ್ನದು. ಮೂರು ಸಲ ಹೇಳಬೇಕೆಂದು ಅವರ ಪಕ್ಕ ಕುಳಿತೆ. ಮೂರು ಸಲವೂ ಕಳೆ ಕಿತ್ತು ಎದ್ದು ಬಂದೆ. ಅದಕ್ಕೆ ಕೇಳಿಕೊಳ್ಳುತ್ತೇನೆ: ನೀವೇ ಬನ್ನಿ. ಮಗನ ಮುಖ ನೋಡುತ್ತ ಕೇಳಿದರೆ ತಡೆದುಕೊಂಡಾರು. ಅಥವಾ ಎಳ್ಳಮಾಸ್ಯೆಯವರೆಗೆ ನಮ್ಮನ್ನು ಇಲ್ಲೇ ಬಿಡಿ, ಅಷ್ಟರಲ್ಲಿ ಒಂದು ಗೋಡೆಯಾದರೂ ಎಬ್ಬಿಸಿ.

ಎಳ್ಳಮಾಸ್ಯೆಯವರೆಗೆ ಎಂದು ಕೇಳುವುದರಲ್ಲಿ ನನ್ನ ಆಸೆಯೂ ಸ್ವಲ್ಪ ಇದೆ. ಮುಚ್ಚಿಡುವುದೇಕೆ. ಬೆಳಿಗ್ಗೆ ಎದ್ದು ಆ ಮಡಿಗೆ ಹೋಗದಿದ್ದರೆ ನನಗೆ ದಿನವೇ ಶುರುವಾಗುವುದಿಲ್ಲ. ಬೇಡ ಬೇಡ ಎನ್ನುತ್ತ ಬಂದ ದೇಶದ ಮಣ್ಣು ನನ್ನ ಉಗುರಲ್ಲಿ ಕುಳಿತುಬಿಟ್ಟಿದೆ. ಇದನ್ನು ಬಿಟ್ಟು ಬರುವಾಗ ನಾನು ಅಳುತ್ತೇನೆ, ನೀವು ಬೇಜಾರು ಮಾಡಿಕೊಳ್ಳಬಾರದು.

ಇನ್ನೊಂದು ಮಾತು. ಈಗ ಗಾಳಿ ತಿರುಗಿದೆ, ಹಜರಾಬಿಯವರಂಥ ಮುಸಲ್ಮಾನರೇ ಹೆದರಬೇಕಾದ ಕಾಲ ಬಂದಿದೆ ಎಂದು ಇಲ್ಲಿಯೂ ಸುದ್ದಿ ಇದೆ. ಬೇರೆ ಜಾಗ ಸಿಕ್ಕಿತೆಂದು ಅವರ ಪಡಸಾಲೆ ಬಿಟ್ಟು ಹೋಗಬೇಡಿ. ನಾವು ಬರುವವರೆಗೂ ಅಲ್ಲೇ, ಬಾಗಿಲಿಗೆ ಅಡ್ಡಲಾಗಿ ಮಲಗಿರಿ.

ಹೊತ್ತಿಗೆ ಸರಿಯಾಗಿ ಉಣ್ಣಿ. ಉತ್ತರಕ್ಕೆ ಕಾಯುತ್ತಿರುವ

ನಿಮ್ಮ ಮನೆಯಾಕೆ
ಸಾಬವ್ವ

ತಾ.ಕ.: ಕವರಿಗೆ ಹಚ್ಚಲು ಹಿಟ್ಟಿನ ಅಂಟು ಮಾಡುತ್ತಿದ್ದೆ. ಅತ್ತೆ ಬಂದು, "ಏನೇನು ಬರದಿ, ಓದು" ಎಂದು ಎದುರಿಗೆ ಕುಳಿತರು. ಮನೆಯ ಸಂಗತಿ ಬಂದಲ್ಲೆಲ್ಲ ಹಾರಿಸುತ್ತ, ಮೆಂತ್ಯ, ತುಳಜಾಬಾಯಿ, ಉಪ್ಪು ಎಂದು ಓದಿದೆ. ಎಲ್ಲ ಕೇಳಿ, "ಕೆಳಗ ನಂದೊಂದು ಮಾತು ಬರಿ" ಎಂದರು. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ:

"ಬಸವಂತಾ, ಹೊಸಾ ಗ್ವಾಡಿ ಎಬ್ಬಸೋ ಮುಂದ ಹಿತ್ತಲ ಬಾಗಲಾ ಮೂಡಲಕ್ಕ ಇಡಪಾ. ಮೊದಲಿಂದು ಪಡುವಲಕ್ಕ ಇತ್ತು, ಗಿಡಕ್ಕ ಮುಂಜಾನಿ ಬಿಸಲು ತಾಕ್ತಿದ್ದಿಲ್ಲ. ಬದನಿ ಮಡಿ ಮ್ಯಾಲ ಏನರೆ ಬಿದ್ದಿದ್ರ ತಗಸಿಡು."

ಮನೆ ಬಿದ್ದದ್ದು ನಿಮಗೆ ಯಾರು ಹೇಳಿದರು ಎಂದು ಅತ್ತೆಯನ್ನು ಕೇಳಿದೆ.

"ಪೀರಪ್ಪನೇ ಹೇಳಿದ. ಊರು ಬಿಡೋ ದಿನಾ ಆ ಮುದಿ ಗಿಡಾ ಎಲ್ಲಾ ನಾನೇ ಕಿತ್ತು ಒಗದು ಬಂದೀನಿ, ಹೊಸಾ ಸಸಿ ಹಾಕೋಣಂತ. ಇಲ್ಲದ ಗಿಡಕ್ಕ ಭರ್ತಿ ಕಾಯಿ ಬಿಟ್ಟಾವ, ಅಲ್ಲೇ ನಿಂತು ನೋಡೇನಿ ಅಂದ. ಹಿತ್ತಲಾ ಛಲೋ ಇದ್ರ ಸುಳ್ಳು ಹೇಳೋ ದರ್ದ ಏನಿತ್ತು ಅವಗ? ಸುಟ್ಟರೋ ಕೆಡವಿದರೋ, ಅದನ್ನ ನಾ ಕೇಳಲಿಲ್ಲ. ಬೀಜಾ ನನ್ನ ಸೊಂಟದಾಗಷ್ಟೇ ಉಳದದ ಅಂತ ತಿಳೀತು. ಹಾಕಿದೆ."

ಮತ್ತೆ ಇಷ್ಟು ದಿನ ನನಗೇಕೆ ಹೇಳಲಿಲ್ಲ ಎಂದೆ. "ನೀ ಅಷ್ಟು ಜ್ವಾಕಿಲೆ ಮುಚ್ಚಿಟ್ಟಿದ್ದಿಯಲ್ಲ ಮಗಳಾ. ತಗದು ನೋಡಿದ್ರ ನಿನಗ ಕೆಟ್ಟ ಅನಸ್ತಿತ್ತು" ಎಂದರು. ನಾನು ಅವರ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅವರು ಅಳಲಿಲ್ಲ, ನನ್ನ ಕೂದಲಲ್ಲಿದ್ದ ಹುಲ್ಲು ತೆಗೆಯುತ್ತ ಕುಳಿತಿದ್ದರು.

ಅರಿವೆ ಕಟ್ಟಿದ ಕಾಯಿಗಳಲ್ಲಿ ಒಂದು ನರೋಣಾಕ್ಕೆ, ಇನ್ನೊಂದು ತುಳಜಾಬಾಯಿಗೆ. ಈ ಮಡ್ಡಿಯಲ್ಲೂ ನಮ್ಮ ಬದನೆ ಇರಲಿ ಎಂದರು.

ಮೇಲೆ ಬರೆದದ್ದನ್ನೆಲ್ಲ ಹರಿದು ಬೇರೆ ಬರೆಯಬೇಕೆಂದರೆ ಇನ್ನೊಂದು ಹಾಳೆ ಇಲ್ಲ, ಹೀಗೇ ಕಳಿಸುತ್ತಿದ್ದೇನೆ. ಎಳ್ಳಮಾಸ್ಯೆಯವರೆಗೆ ಕಾಯುವುದು ಬೇಡ. ಕಾಯಿಗಳು ಹಳದಿಗೆ ತಿರುಗಿವೆ, ಬೀಜ ತೆಗೆದು ಒಣಗಿಸುವಷ್ಟು ದಿನ ಬಿಟ್ಟು ಬಂಡಿ ಕಳಿಸಿ. ಪೀರಪ್ಪನನ್ನೇ ಕಳಿಸಬೇಕಂತೆ. ಅವನಿಗೆ ಅತ್ತೆ ಬದನೆಕಾಯಿ ಪಲ್ಯ ಉಣಿಸಬೇಕಂತೆ.