ಒಂದು ಸೈಜು ದೊಡ್ಡ ಬೂಟು

ಜನವರಿ ೮, ಬುಧವಾರ

ರಜೆ ಮುಗಿದ ವಾರ ಹೀಗೇ. ಮಣಿಕಟ್ಟು, ಮಣಿಕಟ್ಟು, ಮಧ್ಯೆ ಎರಡು ಎದೆ, ಮತ್ತೆ ಮಣಿಕಟ್ಟು. ಎಲ್ಲಾ ಬೆಟ್ಟದಲ್ಲಿ ಹಿಮದ ಮೇಲೆ ಜಾರಿ ಬಿದ್ದವರು. ‘ಅಲುಗಾಡಬೇಡಿ. ಉಸಿರು ಹಿಡ್ಕೊಳ್ಳಿ. ಬಿಡಿ.’ ಎಕ್ಸ್‌ರೇ ಮೆಷಿನ್ ಪಕ್ಕ ನಿಂತು ಬೆಳಿಗ್ಗೆಯಿಂದ ಸಂಜೆವರೆಗೆ ಆಡಿದ ಮಾತು ಇಷ್ಟೇ. ಈ ಬೆಟ್ಟದೂರು ಕರಕೋಲ್‌ನ ಆಸ್ಪತ್ರೆಗೆ ಬಂದು ನಾಲ್ಕು ತಿಂಗಳಾಯ್ತು. ಈ ಊರಲ್ಲಿ ನಂಗೆ ಪರಿಚಯ ಇರೋದು ಜನರ ಮೂಳೆ ಮಾತ್ರ.

ಸಂಜೆ ಎಕ್ಸ್‌ರೇ ರೂಮಿಗೆ ಶಾಯಿರ್ ಎಜೆ ಬಂದಳು, ಮೇಲಿನ ಲ್ಯಾಬಿನವಳು. ನನಗಿಂತ ಹತ್ತು ವರ್ಷ ದೊಡ್ಡವಳು, ಹೆಸರಿಗೆ ಎಜೆ, ಅಂದ್ರೆ ಅಕ್ಕ, ಅಂತ ಸೇರಿಸದಿದ್ರೆ ಮುಖ ಊದಿಸ್ಕೋತಾಳೆ.

“ನಿಮಗೆ ಹಿಮದ ಮೇಲೆ ಸ್ನೋಬೋರ್ಡ್ ಆಡೋಕೆ ಬರುತ್ತಂತೆ?”

“ಬಿಷ್ಕೆಕ್‌ನಲ್ಲಿ ಕಾಲೇಜಿದ್ದಾಗ ಎರಡು ಚಳಿಗಾಲ ಕಲಿತಿದ್ದೆ.”

“ಮತ್ತೆ ಈ ಕತ್ತಲೆ ಕೋಣೇಲಿ ಕೂತು ಏನ್ ಮಾಡ್ತಿದೀರಿ? ನಾವೊಂದಷ್ಟು ಹೆಂಗಸರು ಪ್ರತಿ ಶನಿವಾರ ಬೆಟ್ಟಕ್ಕೆ ಹೋಗ್ತೀವಿ. ಕುಂದುಜ್ ವ್ಯಾನ್ ಓಡಿಸ್ತಾಳೆ. ಒಂದು ಸೀಟು ಖಾಲಿ ಇದೆ. ಬೋರ್ಡು ನನ್ನ ಹತ್ರ ಇನ್ನೊಂದಿದೆ, ತಗೊಳ್ಳಿ. ಬೋರ್ಡಿಗೆ ಬಿಗಿಯೋ ಬೂಟು ಮಾತ್ರ ನಿಮ್ದೇ ಬೇಕಪ್ಪ. ಬಾಡಿಗೆ ಬೂಟಿಗೆ ಸಾಲಲ್ಲಿ ನಿಂತ್ರೆ ಅರ್ಧ ದಿನ ಅಲ್ಲೇ ಹೋಯ್ತು.”

ಒಂದು ಸೀಟು ಖಾಲಿ ಇದೆ. ಅವಳು ಹೋದ ಮೇಲೂ ಅದನ್ನೇ ಅಂದ್ಕೊಂಡು ಕೂತಿದ್ದೆ.

ಜನವರಿ ೧೦, ಶುಕ್ರವಾರ

ದೊಡ್ಡ ಬೀದಿಯ ಕ್ರೀಡಾ ಅಂಗಡಿಗೆ ಹೋಗಿದ್ದೆ. ಬೂಟಿನ ಬೆಲೆ ಚೀಟಿ ತಿರುಗಿಸಿ ನೋಡಿದೆ. ಒಂದೂವರೆ ತಿಂಗಳ ಸಂಬಳ! ಅಂಗಡಿ ಹುಡುಗಿ “ಟ್ರೈ ಮಾಡ್ತೀರಾ?” ಅಂದಳು. “ಅಣ್ಣನಿಗೆ ನೋಡ್ತಿದ್ದೆ” ಅಂದು ಮೆತ್ತಗೆ ಹೊರಗೆ ಬಂದೆ. ನಂಗೆ ಅಣ್ಣನೇ ಇಲ್ಲ.

ಜನವರಿ ೧೨, ಭಾನುವಾರ

ಬಜಾರು. ಹಳೇ ಕಂಟೇನರನ್ನೇ ಅಂಗಡಿ ಮಾಡ್ಕೊಂಡಿರೋ ಸಾಲಿನ ಕೊನೇಲಿ ರಫೀಕ್ ಅಂತ ಒಬ್ಬ. ಕೊರಿಯಾದಿಂದ ಬಂದ ಹಳೇ ಮಾಲು, ಗುಡ್ಡೆ ಹಾಕಿದಾನೆ. ಹೊಸದರ ಕಾಲುಭಾಗ ರೇಟು.

ಮೊದಲು ಕರಿ ಜೋಡಿ. ಹೆಬ್ಬೆರಳು ಮುಂದೆ ತಾಗಿತು.

“ತಂಗಿ, ನಿಮ್ಮ ಕಾಲಿಗೇ ಹೊಲಿಸಿದ ಹಾಗಿದೆ!”

“ಎಲ್ಲಿ ಹೊಲಿಸಿದ್ದು, ಹಿಸುಕ್ತಿದೆ.”

ಆಮೇಲೆ ಬೂದು ಜೋಡಿ. ಒಳಗೆ ಹಾಸಿಗೆ ಹಾಗೆ ಮೆತ್ತಗೆ. ಅಮ್ಮ ಹೆಣೆದ ಉಣ್ಣೆ ಕಾಲುಚೀಲ ಎರಡು ಜೊತೆ ಹಾಕಿದ್ರೂ ಬೆರಳು ಆಡುತ್ತೆ.

“ಇದಂತೂ ನಿಮ್ಮ ಕಾಲಿಗೇ ಹೊಲಿಸಿದ್ದು!”

ನಾಚಿಕೆ ಅನ್ನೋದೇ ಇಲ್ಲ ಆ ಮನುಷ್ಯನಿಗೆ. ಆದ್ರೆ ತಗೊಂಡೆ. ಚಳಿಗಾಲದ ಬೂಟು ಅಂದ್ರೆ ಒಂದು ಸೈಜು ದೊಡ್ಡದು, ಒಳಗೆ ಎರಡು ಜೊತೆ ಉಣ್ಣೆ. ನಮ್ಮೂರು ಆತ್‌ಬಾಶಿಯಲ್ಲಿ ತೊಟ್ಟಿಲ ಮಗುಗೂ ಗೊತ್ತು ಇದು. ಅಜ್ಜ ಕುರಿ ಹಿಂದೆ ಹೋಗಿ ಬಿಗಿ ಬೂಟಲ್ಲಿ ಚಳಿಗೆ ಹೆಪ್ಪುಗಟ್ಟಿ ಕಾಲಿನ ಎರಡು ಬೆರಳು ಕಳಕೊಂಡು ಬಂದ. ಅಮ್ಮ ಫೋನಲ್ಲಿ ಮೊದಲು ಕೇಳೋದು ಆರೋಗ್ಯ ಅಲ್ಲ, ಕಾಲುಚೀಲ.

ಮನೆಗೆ ಬಂದು ಹಾಕಿ ನೋಡಿದೆ. ಎಷ್ಟು ಹಾಯಾಗಿದೆ! ಶನಿವಾರ ಬೇಗ ಬರಲಿ.

ಜನವರಿ ೧೮, ಶನಿವಾರ

ಸುಸ್ತು. ಬರೆಯೋಕೂ ಆಗ್ತಿಲ್ಲ.

ವ್ಯಾನಲ್ಲಿ ನಂಗೆ ಮುಂದಿನ ಸೀಟು. ಬೇಡ ಬೇಡ ಅಂದ್ರೂ ಬಿಡಲಿಲ್ಲ. “ನೀವು ಅತಿಥಿ, ಕೂತ್ಕೊಳ್ಳಿ.” ಹಿಂದೆ ಅವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು, ಬೈದಾಡ್ಕೊಂಡು, ಹೊಟ್ಟೆ ಹಿಡ್ಕೊಂಡು ನಗ್ತಿದ್ರು. ನಾನು ಕತ್ತು ತಿರುಗಿಸಿ ನಗೋಷ್ಟರಲ್ಲಿ ಆ ಮಾತು ಮುಗಿದಿರ್ತಿತ್ತು.

ಮೇಲೆ ಹೋದ್ಮೇಲೆ ಬೀಳೋದೇ ಕೆಲಸ. ನಾನು ತಿರುಗ್ತೀನಿ, ಬೋರ್ಡು ತಿರುಗಲ್ಲ. ಕಲಿತಿದ್ದೆಲ್ಲ ಮರೆತೇ ಹೋಗಿದ್ಯಾ? ಲೇಸು ಬಿಗಿದೆ, ಇನ್ನೂ ಬಿಗಿದೆ, ಪಾದ ಮರಗಟ್ಟಿತು. ಪ್ರತಿ ತಿರುವಲ್ಲೂ ಅವರು ಕೆಳಗೆ ನಿಂತು ಕಾಯ್ತಿದ್ರು. “ಪರವಾಗಿಲ್ಲ, ನಿಧಾನಕ್ಕೆ ಬನ್ನಿ.” ಕುಂದುಜ್ ಬಿದ್ರೆ ಮಾತ್ರ ಶಾಯಿರ್ ಎಜೆ, “ಏಳೇ ಎಮ್ಮೆ, ಬೆಟ್ಟ ಕುಸಿಯುತ್ತೆ!” ಅಂತ ಕೂಗ್ತಾಳೆ. ನಂಗೆ ‘ಬನ್ನಿ’.

ಬರ್ತಾ ಎಲ್ಲರೂ ಆಶ್ಲಾನ್‌ಫೂ ತಿಂದ್ವಿ. ಹುಳಿಹುಳಿ ಖಾರ, ತಣ್ಣಗಿನ ಶಾವಿಗೆ, ಜೊತೆಗೆ ಬಿಸಿ ಆಲೂ ಬನ್ನು. ದುಡ್ಡು ಕೊಡೋಕೆ ಬಿಡಲೇ ಇಲ್ಲ ನನ್ನ.

ಜನವರಿ ೨೫, ಶನಿವಾರ

ಹೋದ ಸಲಕ್ಕಿಂತ ಕೆಟ್ಟದು. ಮುಂದಿನ ಸೀಟು. ‘ಬನ್ನಿ, ಬನ್ನಿ.’ ಬೆಟ್ಟ ಹತ್ತಿಸೋ ಕುರ್ಚಿ ಲಿಫ್ಟು ಮುಚ್ಚೋ ಹೊತ್ತಿಗೆ ಯಾರೂ ನನ್ನ ಮುಖ ನೋಡ್ತಿರಲಿಲ್ಲ.

ಜನವರಿ ೩೧, ಶುಕ್ರವಾರ

ಶಾಯಿರ್ ಎಜೆ ಮೆಸೇಜು: ‘ವ್ಯಾನು ಕೆಟ್ಟಿದೆ, ನಾಳೆ ಇಲ್ಲ.’ ಅಯ್ಯೋ ಪಾಪ ಅಂತ ಕಳಿಸಿದೆ.

ಫೆಬ್ರವರಿ ೭, ಶುಕ್ರವಾರ

‘ಕುಂದುಜ್ ಮನೇಲಿ ನೆಂಟರು. ಈ ವಾರವೂ ಇಲ್ಲ.’

ನಾಳೆ ಇಡೀ ದಿನ ಏನ್ ಮಾಡ್ಲಿ? ಪರದೆ ಒಗೀಬಹುದು. ಹೋದ ಶನಿವಾರವೂ ಪರದೆಯನ್ನೇ ಒಗೆದಿದ್ದು.

ಫೆಬ್ರವರಿ ೧೨, ಬುಧವಾರ

ಮಾಡಬಾರದ್ದು ಮಾಡಿದೆ. ಯಾರಿಗಾದ್ರೂ ಗೊತ್ತಾದ್ರೆ ಕೆಲಸ ಹೋಗುತ್ತೆ. ಇಲ್ಲಿ ಬರೀಬಹುದು, ಓದೋರು ಯಾರಿದಾರೆ.

ಡ್ಯೂಟಿ ಮುಗಿದ ಮೇಲೆ ಬಾಗಿಲು ಹಾಕ್ಕೊಂಡೆ. ಕಾಲುಚೀಲ, ಬೂಟು ಎಲ್ಲಾ ಹಾಕಿ, ಸೀಸದ ಏಪ್ರನ್ ಕಟ್ಟಿ, ವಾರ್ಡಿಗೆ ಒಯ್ಯೋ ಸಣ್ಣ ಮೆಷಿನ್ ಎಳ್ಕೊಂಡೆ, ಉದ್ದ ವಯರಿನ ಸ್ವಿಚ್ಚಿನದು. ಬೆಟ್ಟದಲ್ಲಿ ನಿಲ್ಲೋ ಹಾಗೆ ಮಂಡಿ ಬಗ್ಗಿಸಿ ನಿಂತೆ. ‘ಅಲುಗಾಡಬೇಡಿ’ ಅಂತ ಜೋರಾಗಿ ಅಂದು ಸ್ವಿಚ್ಚು ಒತ್ತಿದೆ. ನಂಗೆ ನಾನೇ! ಖಾಲಿ ರೂಮಲ್ಲಿ! ನಗು ಬಂತು, ಆಮೇಲೆ ಏನೋ ಸಂಕಟ ಆಯ್ತು.

ಮೆಷಿನ್ ಪರದೆ ಮೇಲೆ ಚಿತ್ರ ನೋಡಿದೆ. ಬೆರಳ ಮುಂದೆ ಖಾಲಿ. ಹಿಮ್ಮಡಿ ಮೂಳೆ ಬೂಟಿನ ತಳ ಬಿಟ್ಟು ಎರಡು ಬೆರಳು ಮೇಲೆ ನಿಂತಿದೆ. ಬಕೆಟ್ಟಲ್ಲಿ ಮೀನು ಬಿಟ್ಟ ಹಾಗೆ, ಅಷ್ಟು ದೊಡ್ಡ ಬೂಟಲ್ಲಿ ನನ್ನ ಪಾದ. ನಾನು ಹಿಮ್ಮಡಿ ಒತ್ತಿದ್ರೆ ಬೋರ್ಡಿಗೆ ಸುದ್ದಿಯೇ ಮುಟ್ಟಲ್ಲ!

ಮರೆತಿರಲಿಲ್ಲ ನಾನು. ಕಾಲೇಜಲ್ಲಿ ಬಾಡಿಗೆ ಬೂಟು ಕಚ್ಚುತ್ತೆ ಅಂತ ದಿನಾ ಬೈತಿದ್ದೆ. ಬಿಗಿಯಾಗಿತ್ತು, ಅದಕ್ಕೇ ಬೋರ್ಡು ನನ್ನ ಮಾತು ಕೇಳ್ತಿತ್ತು. ಅಂಗಡೀಲಿ ಹಾಯಾಗಿದ್ದಿದ್ದು ಬೆಟ್ಟದಲ್ಲಿ ಶತ್ರು.

ಚಿತ್ರ ಅಳಿಸಿ ಮನೆಗೆ ಬಂದೆ.

ಫೆಬ್ರವರಿ ೧೬, ಭಾನುವಾರ

ರಫೀಕ್ ಹತ್ರ ಜಗಳ. “ವಾಪಸ್ ತಗೊಳ್ಳೋಕೆ ಇದೇನು ನಿಮ್ಮಜ್ಜಿ ಮನೆನಾ ತಂಗಿ?” ಅಂದ. “ಕಾಲಿಗೇ ಹೊಲಿಸಿದ್ದು ಅಂದ್ರಲ್ಲ ಅಣ್ಣಾ, ಯಾರ ಕಾಲಿಗೆ?” ಅಂದೆ. ಪಕ್ಕದ ಕಂಟೇನರಿನವರೆಲ್ಲ ನಕ್ಕರು. ಕೊನೆಗೆ ಸ್ವಲ್ಪ ದುಡ್ಡು ಮೇಲೆ ಹಾಕಿ ಕರಿ ಜೋಡಿಗೆ ಬದಲಾಯಿಸ್ಕೊಂಡೆ. ಪುಣ್ಯಕ್ಕೆ ಮಾರಿರಲಿಲ್ಲ.

ತೆಳ್ಳನೆ ಕಾಲುಚೀಲ ಒಂದೇ ಜೊತೆ. ನೇರ ನಿಂತ್ರೆ ಬೆರಳು ತಾಗುತ್ತೆ, ಮಂಡಿ ಬಗ್ಗಿಸಿದ್ರೆ ಹಿಂದೆ ಸರಿಯುತ್ತೆ. ಹಿಮ್ಮಡಿ ಅಲ್ಲಾಡಲ್ಲ.

ಫೆಬ್ರವರಿ ೨೦, ಗುರುವಾರ

ಒಳಗಿನ ಮೆತ್ತೆ ಕಾಲಿಗೆ ಹೊಂದಬೇಕಲ್ಲ, ದಿನಾ ಸಂಜೆ ಹಾಕ್ಕೊಂಡು ಮನೇಲಿ ಓಡಾಡ್ತೀನಿ. ಬೂಟಲ್ಲೇ ಅಡುಗೆ, ಬೂಟಲ್ಲೇ ಊಟ. ಕೆಳಗಿನ ಮನೆ ಲ್ಯೂಬಾ ಕೋಲಿಂದ ಸೂರಿಗೆ ಕುಟ್ಟಿದಳು. ಮನೇಲಿ ನಾನಿದೀನಿ ಅಂತ ಒಬ್ಬರಿಗಾದ್ರೂ ಗೊತ್ತಾಯ್ತು.

ಅಮ್ಮನ ಫೋನು. ಬಾಯಿ ತಪ್ಪಿ ಹೇಳಿಬಿಟ್ಟೆ.

“ಒಂದೇ ಜೊತೆ? ಅದೂ ತೆಳ್ಳಂದು? ಅಜ್ಜನ ಕಾಲು ನೋಡಿ ಬೆಳೆದೋಳು ನೀನು!”

“ಇದು ಬೇರೆ ಥರ ಬೂಟು ಅಮ್ಮ, ಒಳಗೇ ಬೆಚ್ಚಗಿರುತ್ತೆ.”

“ಸರಿ ಬಿಡು. ನಾನು ಹೆಣೆದಿದ್ದು ಬೆಕ್ಕಿಗೆ ಹಾಕು.” ಆಮೇಲೆ, “ಯಾರ ಜೊತೆ ಹೋಗ್ತೀಯ ಅಷ್ಟು ಎತ್ತರಕ್ಕೆ?”

“ತುಂಬಾ ಜನ ಇದೀವಿ ಅಮ್ಮ. ವ್ಯಾನ್ ತುಂಬಾ.”

ಫೋನಿಟ್ಟು ಅತ್ತೆ. ಬೂಟು ಬಿಚ್ಚದೆ ಹಾಸಿಗೆ ಮೇಲೆ ಬಿದ್ಕೊಂಡಿದ್ದೆ.

ಮಾರ್ಚ್ ೭, ಶುಕ್ರವಾರ

ಮೂರು ಶನಿವಾರದಿಂದ ಮೆಸೇಜೇ ಇಲ್ಲ. ನಾಳೆ ಮಹಿಳಾ ದಿನ, ಇಲ್ಲಿ ಹಬ್ಬದ ರಜೆ. ಆಸ್ಪತ್ರೇಲಿ ಹೆಂಗಸರಿಗೆಲ್ಲ ಒಂದೊಂದು ಟ್ಯೂಲಿಪ್. ಮೆಟ್ಟಿಲ ಹತ್ರ ಶಾಯಿರ್ ಎಜೆ ಸಿಕ್ಕಳು. ಬೇರೆ ಬೂಟು ತಗೊಂಡೆ, ಈಗ ಸರಿಯಾಗಿದೆ ಅಂದೆ. “ಹೌದಾ? ಒಳ್ಳೇದಾಯ್ತು.” ನಾಳೆ ಹೋಗೋಣ್ವಾ ಅಂದೆ. “ಹಬ್ಬ ಅಲ್ವಾ, ಎಲ್ರೂ ಮನೇಲೇ.”

ನಂಗೆ ಹಬ್ಬ ಇಲ್ಲ. ಬೆಟ್ಟದ ಕ್ಯಾಂಟೀನಿಗೆ ಹಾಲು ಒಯ್ಯೋ ಗಾಡಿ ಬೆಳಿಗ್ಗೆ ಹೋಗುತ್ತಂತೆ. ಒಬ್ಬಳೇ ಹೋಗ್ತೀನಿ.

ಮಾರ್ಚ್ ೮, ಶನಿವಾರ, ಸಂಜೆ

ಹಾಲಿನ ಗಾಡಿ ಇಳಿದೆ. ಎದುರಿಗೇ ಕುಂದುಜ್‌ಳ ವ್ಯಾನು.

ಮೊದಲು ಅರ್ಥ ಆಗಲಿಲ್ಲ. ಸುತ್ತ ಒಂದು ಸುತ್ತು ಬಂದು ನೋಡಿದೆ. ಅದೇ. ಕೆಟ್ಟಿದ್ದ ವ್ಯಾನು, ನೆಂಟರು, ಹಬ್ಬ... ಎಲ್ಲಾ ಒಟ್ಟಿಗೆ ಹೊಳೀತು. ವಾಪಸ್ ಹೋಗೋಣ ಅಂದ್ರೆ ಹಾಲಿನವನು ಹೊರಟುಹೋಗಿದ್ದ.

ಮೇಲೆ ಹೋದೆ. ಇಳಿದೆ. ಬೀಳಲಿಲ್ಲ! ಹಿಮ್ಮಡಿ ಒತ್ತಿದ ಕಡೆ ಬೋರ್ಡು, ಬೆರಳು ಒತ್ತಿದ ಕಡೆ ಬೋರ್ಡು. ಕೋಪ ಬಂದ್ರೆ ನಾನು ಮಂಡಿ ಚೆನ್ನಾಗಿ ಬಗ್ಗಿಸ್ತೀನಿ ಅಂತ ಇವತ್ತು ಗೊತ್ತಾಯ್ತು. ತಲೆ ಮೇಲೆ ಲಿಫ್ಟಿನ ಕುರ್ಚೀಲಿ ಅವರ ನಗು ಕೇಳ್ತಿತ್ತು. ನಾನು ಕೆಳಗೆ ಹಾದು ಹೋದೆ. ನಗು ನಿಂತಿತು.

ಕೆಳಗೆ ಶಾಯಿರ್ ಎಜೆ ಕಾಯ್ತಿದ್ದಳು. ಹೆಲ್ಮೆಟ್ ಕೈಯಲ್ಲಿ.

“ಸುಳ್ಳು ಹೇಳಿದ್ವಿ.”

“ಗೊತ್ತಾಯ್ತು.”

“ನಿಮಗೆ ಕಾಯ್ತಾ ನಿಂತ್ರೆ ದಿನಕ್ಕೆ ಮೂರು ಸಲ ಇಳಿಯೋಷ್ಟರಲ್ಲಿ ಲಿಫ್ಟು ಮುಚ್ಚೋದು. ಮನೆ, ಮಕ್ಕಳು, ಡ್ಯೂಟಿ... ನಮಗೂ ವಾರಕ್ಕೆ ಇದೊಂದೇ ದಿನ.”

“ಬಾಯ್ಬಿಟ್ಟು ಹೇಳೋಕೇನಾಗಿತ್ತು? ‘ಏ ಪೆದ್ದಿ, ನಿನ್ನ ಬೂಟು ದೋಣಿ ಥರ ಇದೆ, ನಿನ್ನಿಂದ ನಮ್ಮ ದಿನ ಹಾಳು’ ಅನ್ನಬಹುದಿತ್ತಲ್ಲ?”

“ಅತಿಥಿಗೆ ಹಾಗನ್ನೋಕಾಗುತ್ತಾ?”

“ನಾನು ಅತಿಥಿಯಾಗೋಕೆ ಬಂದಿರಲಿಲ್ಲ ಎಜೆ! ಈ ಊರಲ್ಲಿ ಅದೇ ಆಗಿದ್ದು ಸಾಕಾಗಿಹೋಗಿದೆ ನಂಗೆ.”

ಅಳು ಬಂತು, ಎಲ್ಲರ ಮುಂದೆ. ಅವಳು ಕೈ ಚಾಚಿದಳು, ನಾನು ಹಿಂದೆ ಸರಿದೆ.

ಸಂಜೆ ಬೋರ್ಡು ಹೆಗಲ ಮೇಲೆ ಹಾಕಿ ರಸ್ತೆ ಹಿಡಿದು ನಡೆದೆ. ವ್ಯಾನು ಪಕ್ಕದಲ್ಲೇ ಆಮೆ ಥರ ಬಂತು. ಶಾಯಿರ್ ಎಜೆ ಗಾಜು ಇಳಿಸಿ, “ಹತ್ತಿ” ಅಂದಳು. ಹತ್ತಲ್ಲ ಅಂದೆ. ಇನ್ನೊಂದು ತಿರುವು. “ಹತ್ತಿ ಅಂದ್ರೆ!” ಹತ್ತಲ್ಲ. ಆಮೇಲೆ ವ್ಯಾನು ಮುಂದೆ ಹೋಯ್ತು, ಕಾಣೋವರೆಗೂ ನೋಡಿದೆ. ಊರ ಹತ್ರ ಯಾರೋ ಕಾರಿನವರು ಹತ್ತಿಸ್ಕೊಂಡ್ರು.

ಹತ್ತಬೇಕಿತ್ತೇನೋ.

ಮಾರ್ಚ್ ೧೩, ಗುರುವಾರ

ಲ್ಯಾಬಿನಿಂದ ರಿಪೋರ್ಟು ತಗೊಳ್ಳೋಕೆ ಶಾಯಿರ್ ಎಜೆ ಬದಲು ಬೇರೆ ಯಾರೋ ಬರ್ತಿದಾರೆ. ಮೆಸೇಜಿಲ್ಲ. ನಾನೂ ಕಳಿಸಿಲ್ಲ. ಎರಡು ಸಲ ಬರೆದು ಅಳಿಸಿದೆ.

ಮಾರ್ಚ್ ೧೫, ಶನಿವಾರ, ಬೆಳಿಗ್ಗೆ

ಹಾಲಿನ ಗಾಡಿ ಸಿಗಬೇಕಂದ್ರೆ ಈಗಲೇ ಹೊರಡಬೇಕು. ಚಹಾ ಕುಡಿದಾಯ್ತು. ಒಂದು ಬೂಟು ಹಾಕಿಯಾಯ್ತು. ಒಬ್ಬಳೇ ಹೋದ್ರೂ ಬೆಟ್ಟ ಬೆಟ್ಟವೇ, ಹಿಮ ಹಿಮವೇ. ಹೀಗೆ ನಂಗೆ ನಾನೇ ಹೇಳ್ಕೋತಾ—

ಕೆಳಗೆ ಹಾರ್ನು. ಬಿಡದೆ ಒತ್ತುತ್ತಿದಾರೆ. ಲ್ಯೂಬಾ ಕಿಟಕಿ ತೆಗೆದು ಬೈಯೋಕೆ ಶುರು ಮಾಡಿದಳು. ಅದನ್ನೂ ಮೀರಿ ಶಾಯಿರ್ ಎಜೆ ಗಂಟಲು:

“ಬೇಗಿಮಾಯ್! ಏ ಬೇಗಿಮಾಯ್! ಸತ್ತ್‌ಗಿತ್ತ್ ಹೋದ್ಯೇನೇ? ಹಿಂದಿನ ಸೀಟಲ್ಲಿ ನಿಂಗೆ ಜಾಗ ಬಿಟ್ಟು ಕುಂದುಜ್‌ಳ ತಂಗಿ ನನ್ನ ತೊಡೆ ಮೇಲೆ ಕೂತಿದಾಳೆ, ಕಾಲು ಸತ್ತೋಯ್ತು ನಂದು! ಇಳೀತೀಯೋ, ಮೇಲೆ ಬಂದು ಜುಟ್ಟು ಹಿಡಿದು ಎಳ್ಕೊಂಡು ಬರ್ಲೋ?”

ಇಡೀ ಬೀದಿಗೆ ಕೇಳೋ ಹಾಗೆ. ನನ್ನ ಹೆಸರು. ಕೋಪ ಇನ್ನೂ ಹೋಗಿಲ್ಲ, ಹೋಗೋದೂ ಇಲ್ಲ, ಮುಖದ ಮೇಲೇ ಹೇಳ್ತೀನಿ ಅವಳಿಗೆ, ಈ ಇನ್ನೊಂದು ಬೂಟಿನ ಲೇಸು ಒಂದು ಕಟ್ಟಿಬಿಟ್ರೆ—